ಮಾಮಾನ ಹಿಮಾಲಯದ ತಯಾರಿ

ನಮ್ಮ ಮಾಮಾನಷ್ಟು ಸಲ ಹಿಮಾಲಯಕ್ಕೆ ಹೊರಟವರು ಅಥಣಿ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ. ಒಮ್ಮೆಯೂ ಮಿರಜ ಸ್ಟೇಷನ್ ದಾಟಿಲ್ಲ, ಅದು ಬೇರೆ ಮಾತು!

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಅದೇ ತಾಲೂಕಿನ ಅನಂತಪುರದಲ್ಲಿ ದ್ರಾಕ್ಷಿ ತೋಟ. ಒಂದು ದಿನ ಮಾಮಿ ಮೊಬೈಲಿನಲ್ಲಿ ಯಾರೋ ಹಿಮದ ನಡುವೆ ಡೇರೆ ಹಾಕಿ ಚಹಾ ಕುಡಿಯುವುದನ್ನು ನೋಡಿ, "ನಾವೂ ಒಮ್ಮೆ ಹಿಂಗ ಹೋಗೋಣೇನ್ರಿ?" ಅಂದರು. "ಛಾಟಣಿ ಮುಗೀಲಿ" ಅಂದರು ಮಾಮಾ. ಛಾಟಣಿ ಅಂದರೆ ಬಳ್ಳಿ ಕತ್ತರಿಸುವ ಕೆಲಸ. ಏಪ್ರಿಲಿನದು ಮುಗಿದರೆ ಔಷಧ ಹೊಡೆಯುವುದು, ಆಮೇಲೆ ಅಕ್ಟೋಬರಿನ ಛಾಟಣಿ, ಅದಾದ ಮೇಲೆ ಒಣದ್ರಾಕ್ಷಿ. ಬಳ್ಳಿಗೆ ಎಂದಾದರೂ ರವಿವಾರ ಇರುತ್ತದೆಯೇ? ಹೀಗೇ ಐದಾರು ವರ್ಷ ಹೋದವು.

ಅಷ್ಟರಲ್ಲಿ ಮಾಮಿಯ ಹೃದಯ ಸೋತಿತು. ಗುಡ್ಡ ಹಾಗಿರಲಿ, ಮನೆಯ ಮಾಳಿಗೆಯನ್ನೂ ಹತ್ತಬಾರದು, ಹೆಚ್ಚು ದಿನ ಉಳಿದಿಲ್ಲ ಎಂದು ಡಾಕ್ಟರು ಮಾಮಾನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಾಮಾ ಅದನ್ನು ನಮಗಷ್ಟೇ ಹೇಳಿದರು, ಮಾಮಿಗೆ ಹೇಳಲಿಲ್ಲ. ಮನೆಗೆ ಬಂದವರೇ, "ಮೇ ತಿಂಗಳಾಗ ಹೊಂಟೀವಿ" ಅಂದುಬಿಟ್ಟರು.

ಮೊದಲು ಡೇರೆ. ಅಂಗಡಿಯದು ಯಾಕೆ ಬೇಕು? ಒಣದ್ರಾಕ್ಷಿ ಶೆಡ್ಡಿಗೆ ಕಟ್ಟುವ ಹಸಿರು ಜಾಳಿಗೆ ಬಲೆಯನ್ನೇ ಡೇರೆಯಂತೆ ಹೊಲಿಸಿದರು.

"ಮಾಮಾ, ಇದರಾಗ ಗಾಳಿ ಆಡ್ತೈತಲ್ರಿ" ಅಂದೆ.

"ಮತ್ತ? ಗಾಳಿ ಆಡದಿದ್ರ ಬೂಸರ ಹಿಡಿತೈತಿ."

"ಒಳಗ ಮಲಗಾವ್ರು ನೀವ್ರಿ, ದ್ರಾಕ್ಷಿ ಅಲ್ಲ."

ಅರ್ಧ ದಿನ ನನ್ನ ಕೂಡ ಮಾತು ಬಿಟ್ಟರು.

ಆಮೇಲೆ ಚಳಿಯ ಅಭ್ಯಾಸ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮಫ್ಲರ್ ಸುತ್ತಿಕೊಂಡು, ಪೆಟ್ಟಿಗೆಗಳ ನಡುವೆ ಕುಳಿತರು. ಹತ್ತೇ ನಿಮಿಷಕ್ಕೆ ಗಡಗಡ ನಡುಗುತ್ತ ಹೊರಬಂದು, "ಥಂಡಿ ಏನಿಲ್ಲೋ, ಒಬ್ಬನ ಕುಂದ್ರಾಕ ಬ್ಯಾಸರಾತು" ಅಂದರು. ಎಲ್ಲರೂ ನಕ್ಕೆವು. ನಕ್ಕ ಮೇಲೆ ನನಗೆ ಬಹಳ ಸಂಕಟವಾಯಿತು. ಯಾರಿಗೋಸ್ಕರ ಈ ಮನುಷ್ಯ ನಡುಗುತ್ತಿದ್ದಾರೆ, ಗೊತ್ತಿತ್ತಲ್ಲ.

ಮಾಮಿ ಮಾತ್ರ ಎಲ್ಲವನ್ನೂ ನಂಬಿದವರಂತೆ, ಹಾಸಿಗೆಯಲ್ಲೇ ಒರಗಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಸಾಯುವವಳಿಗೆ ಸುಳ್ಳು ಆಸೆ ತೋರಿಸಬಾರದು, ಯಾರಾದರೂ ಹೇಳಲೇಬೇಕು ಎಂದು ನನ್ನ ತಾಯಿ ಹಟ ಹಿಡಿದಳು. ಆ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದು ಸಂಜೆ ಮಾಮಾ ಇಲ್ಲದ ಹೊತ್ತು ನೋಡಿ ಹೋಗಿ ಕುಳಿತೆ.

"ಮಾಮಿ, ಮೇ ತಿಂಗಳಾಗ..." ಎಂದು ತಡವರಿಸಿದೆ.

"ಗೊತ್ತೈತಿ" ಅಂದರು, ಸೂಜಿ ನಿಲ್ಲಿಸದೆ. "ಮೇ ತನಕ ನಾ ಇರಂಗಿಲ್ಲ. ನನಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ."

"ಯಾಕ್ರಿ?"

"ಮೂವತ್ತು ವರ್ಷ ಆತು ನಾ ಈ ಮನಿಗೆ ಬಂದು. ಒಂದ ದಿನಾನೂ ನನ್ನ ಕೂಡ ಕುಂತು ಮಾತಾಡಿದಾವ್ರಲ್ಲ. ಬರೇ ತೋಟ, ತೋಟ. ಈಗ ದಿನಾ ಸಂಜಿಮುಂದ ಇಲ್ಲೇ ಕುಂದರ್ತಾರ. ಅಲ್ಲಿ ನಿನಗ ಯಾವ ಶಾಲು ಬೇಕು, ಏನ ತಿಂತಿ ಅಂತ ಕೇಳ್ತಾರ. ನಾ ಬರಂಗಿಲ್ಲ ಅಂದ್ರ ಎದ್ದು ತೋಟಕ್ಕ ಹೋಗಿಬಿಡ್ತಾರ."

ನನಗೆ ಅಳು ತಡೆಯಲಾಗಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಮಾಮಾನ ಚಪ್ಪಲಿ ಸದ್ದು. "ಏ ಇಕಿನ, ಥರ್ಮಾಸ್ ಒಂದ ಸಾಕೋ, ಎರಡ ಬೇಕೋ?"

"ಬರ್ರಿ, ಕುಂತು ವಿಚಾರ ಮಾಡೂಣು" ಅನ್ನುತ್ತ ಮಾಮಿ ಮಂಚದಲ್ಲಿ ಮೆಲ್ಲಗೆ ಸರಿದು ಜಾಗ ಮಾಡಿದರು.