ಇವರು, ಇವರ ಹೆಸರಿನ ಬೆಕ್ಕು

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಾಲದಲ್ಲಿ ನಂಬಿದ್ದರು. ಹೇಳದೆ ಇದ್ದರೆ ಹೆಚ್ಚಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೇಳದೆ ಸಂಸಾರ ಮಾಡುವುದೇನೂ ಕಷ್ಟವಲ್ಲ, ಕಷ್ಟವಾದದ್ದು ಬೆಕ್ಕಿನಿಂದ.

ಹೊಳೆನರಸೀಪುರದಲ್ಲಿ ನಮ್ಮ ಮನೆ. ಇವರು ಹೊಗೆಸೊಪ್ಪಿನ ವ್ಯಾಪಾರಕ್ಕೆ ರಾಮನಾಥಪುರಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅತ್ತೆಗೆ ಮಗನ ಹೆಸರು ಹಿಡಿದು ಕೂಗದೆ ನಾಲಿಗೆ ತುರಿಸುತ್ತಿತ್ತು. ಒಂದು ಬೂದು ಬೆಕ್ಕಿನ ಮರಿ ತಂದು ಅದಕ್ಕೆ ಮಗನ ಹೆಸರನ್ನೇ ಇಟ್ಟುಬಿಟ್ಟರು. ಶಿವನ ಹೆಸರು, ಅಷ್ಟು ಹೇಳಿದರೆ ಸಾಕು. ಈಗ ನಾನು ಬೆಕ್ಕನ್ನು ಏನೆಂದು ಕರೆಯಬೇಕು? "ಏನೂಂದ್ರೆ, ಹಾಲು ಇಟ್ಟಿವ್ನಿ" ಅನ್ನುತ್ತಿದ್ದೆ. ಇವರು ಊರಲ್ಲಿದ್ದ ದಿನ ಇಬ್ಬರೂ ಬರುತ್ತಿದ್ದರು. ಬೆಕ್ಕೇ ಮೊದಲು.

ಬೆಕ್ಕು ಇಲಿ ಹಿಡಿದದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು, ಬಿಸಿಲು ಸರಿದಂತೆ ಅದೂ ಸರಿದು ಮಲಗುತ್ತಿತ್ತು. ನಾನು ರಾಗಿ ಬೀಸುತ್ತಾ ತೂಕಡಿಸುತ್ತಿದ್ದೆ. ಕಲ್ಲಿನ ಗುರುಗುರು ಯಾವುದು, ಬೆಕ್ಕಿನ ಗುರುಗುರು ಯಾವುದು ಗೊತ್ತಾಗುತ್ತಿರಲಿಲ್ಲ. ಕೈ ನಿಂತ ಮೇಲೂ ಗುರುಗುರು ಕೇಳುತ್ತಿತ್ತು. ಈಗಲೂ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಒಮ್ಮೊಮ್ಮೆ ಕೇಳುತ್ತದೆ.

ಅತ್ತೆ ತೀರಿಕೊಂಡರು. ಆಮೇಲೆ ಬೆಕ್ಕಿಗೆ ಅದರ ಹೆಸರು ಕೇಳಿಸಲೇ ಇಲ್ಲ. ಬಾಗಿಲ ಕಡೆ ಕಿವಿ ಮಾಡಿಕೊಂಡು ಕೂತಿರುತ್ತಿತ್ತು. ಒಂದು ಸಲ ಕರೆದುಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಒಲೆಯ ಪಕ್ಕ ಮಲಗಿದ್ದು ಮಲಗಿದ ಹಾಗೇ ಸತ್ತಿತ್ತು.

ಹೊಸ್ತಿಲ ಮೇಲೆ ಕೂತಿದ್ದೆ. ಪಕ್ಕದ ಮನೆಯ ಗೌರಕ್ಕ ನೀರಿಗೆ ಹೊರಟವರು, "ಯಾಕೆ ಇಂಗೆ ಕುಂತಿದ್ದೀಯೇ?" ಎಂದರು.

"ಇವರು ಓಗ್ಬುಟ್ರು ಕಣಕ್ಕ" ಎಂದೆ.

ಗೌರಕ್ಕನ ಬಿಂದಿಗೆ ಕೆಳಗೆ ಬಿತ್ತು. ನಾನು ಬಾಯಿ ಬಿಡುವಷ್ಟರಲ್ಲಿ ಬೀದಿಯೆಲ್ಲ ಜಗಲಿ ಮೇಲಿತ್ತು. ಒಬ್ಬಳು ನನ್ನ ತಲೆ ಅವುಚಿಕೊಂಡಳು. "ಬೆಕ್ಕು, ಬೆಕ್ಕು" ಎಂದೆ. "ಬೆಕ್ಕು ಅಡ್ಡ ಓಗಿತ್ತಂತೆ ಪಾಪ" ಎಂದು ಇನ್ನೊಬ್ಬಳು ಜೋರಾಗಿ ಅತ್ತಳು. ಅಷ್ಟು ಜನ ಅಳುವಾಗ ನಾನೊಬ್ಬಳು ಸುಮ್ಮನಿದ್ದರೆ ಚೆನ್ನಾಗಿರುತ್ತದೆಯೇ? ನಾನೂ ಅತ್ತೆ.

ಆ ಹೊತ್ತಿಗೆ ಇವರು ರಾಮನಾಥಪುರದಿಂದ ಇದ್ದಿಲಿನಲ್ಲಿ ಓಡುವ ಬಸ್ಸು ಇಳಿದು, ಮುಖವೆಲ್ಲ ಮಸಿ ಮಾಡಿಕೊಂಡು ಬಂದರು.

"ಏನ್ ಗೌರಕ್ಕ, ಯಾರು ಓಗ್ಬುಟ್ರು?"

ಗೌರಕ್ಕ ಕಣ್ಣು ಒರೆಸಿಕೊಂಡು ನೋಡಿದರು. "ನೀನೇ ಕಣಪ್ಪ" ಎಂದರು.

ಬೀದಿ ನನ್ನನ್ನು ಬೈದುಕೊಂಡು ಮನೆಗೆ ಹೋಯಿತು. ಇವರು ಹಿತ್ತಲ ತೆಂಗಿನ ಬುಡದಲ್ಲಿ ಗುಂಡಿ ತೆಗೆದು, ಬೆಕ್ಕಿನ ಹಣೆಗೆ ವಿಭೂತಿ ಇಟ್ಟು ಮಲಗಿಸಿದರು. ಮಣ್ಣು ಎಳೆಯುವ ಮುಂಚೆ, "ಒಂದ್ಸಲ ಎಸ್ರು ಇಡಿದು ಕೂಗೇ. ಅವ್ವ ತೀರ್ಕೊಂಡ್ ಮ್ಯಾಲೆ ಅದನ್ನ ಯಾರೂ ಕೂಗಿಲ್ಲ" ಎಂದರು.

"ನಿಮ್ಮ ಆಯಸ್ಸು?"

"ನಾನು ಬೆಳಿಗ್ಗೇನೇ ಸತ್ತೋಗಿವ್ನಲ್ಲ. ಇನ್ನೇನಾಯ್ತದೆ, ಕೂಗು."

ಕೂಗಿದೆ. ಹೊಳೆಯ ಆಚೆ ದಡಕ್ಕೆ ಕೇಳುವಂತೆ ಕೂಗಿದೆ.

ಬೆನ್ನ ಹಿಂದಿನಿಂದ "ಓ" ಎಂದರು ಇವರು.

ಗುಂಡಿ ಮುಚ್ಚುವವರೆಗೂ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಆಮೇಲೆ ಇವರು ಹಲ್ಲೆಲ್ಲ ಉದುರಿ, ಮೊಮ್ಮಕ್ಕಳ ಕೈಯಲ್ಲಿ ಬೈಸಿಕೊಂಡು, ಮುದುಕರಾಗಿಯೇ ಹೋದರು. ಆಯಸ್ಸಿಗೆ ಏನೂ ಆಗಲಿಲ್ಲ. ಹಾಗಾದರೆ ಹಬ್ಬಕ್ಕೊಮ್ಮೆಯಾದರೂ ಕೂಗಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಈಗ, "ಓ" ಅನ್ನುವವರು ಇಲ್ಲದಾಗ. ಬುದ್ಧಿಯ ಮಟ್ಟಿಗೆ ನಾನು ಯಾವತ್ತೂ ಪಂಕ್ತಿ ಎದ್ದ ಮೇಲೆ ಎಲೆ ಹಾಕಿಕೊಂಡು ಕೂತವಳೇ.