ಹದಿನಾರು ಮನೆಗಳ ರಾಷ್ಟ್ರಾಧ್ಯಕ್ಷ

ನನ್ನ ಅಣ್ಣ ಒಂದು ರಾಷ್ಟ್ರದ ಅಧ್ಯಕ್ಷನಾಗಿದ್ದ ಎಂದರೆ ನೀವು ನಗುತ್ತೀರಿ. ನಗಿ. ಆ ರಾಷ್ಟ್ರ ಡೊಂಬಿವಲಿ ಪೂರ್ವದಲ್ಲಿತ್ತು. ಹದಿನಾರು ಮನೆ, ಒಂದು ಕಬ್ಬಿಣದ ಗೇಟು, ಗಚ್ಚಿಯ ಮೇಲೊಂದು ನೀರಿನ ಟಾಂಕಿ, ಅಷ್ಟೇ. ಆದರೆ ಅವನ ಅಧಿಕಾರ ಹೋದದ್ದು ಮಾತ್ರ ದೊಡ್ಡ ರಾಷ್ಟ್ರಗಳಲ್ಲಿ ಹೋಗುವಂತೆಯೇ, ಒಳಗಿನವರಿಂದ. ಅವತ್ತು ಒಂದು ಕೈ ಮೇಲೆದ್ದಿದ್ದರೆ ಸಾಕಿತ್ತು. ಆ ಕೈ ನನ್ನದು. ನಾನು ಎತ್ತಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಮೊದಲು ನಗುವ ಸಂಗತಿಗಳನ್ನು ಹೇಳುತ್ತೇನೆ. ಉಳಿದದ್ದಕ್ಕೆ ಅಷ್ಟರಲ್ಲಿ ಧೈರ್ಯ ಬರಬಹುದು.

ಅಣ್ಣ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ಒಮ್ಮೆ ಶಾಂತಿಪಡೆಯ ಜೊತೆ ಆಫ್ರಿಕಾಕ್ಕೂ ಹೋಗಿದ್ದ, ನೀರಿನ ಟ್ಯಾಂಕರ್ ಓಡಿಸಲಿಕ್ಕೆ. ಆ ದೇಶದ ಹೆಸರನ್ನು ಅವನು ಪ್ರತಿಸಲವೂ ಬೇರೆ ಥರ ಹೇಳುತ್ತಿದ್ದುದರಿಂದ ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿಯ ದಂಡನಾಯಕನೊಬ್ಬ ಯೂನಿಫಾರ್ಮ್ ಕಳಚಿ, ಕೋಟು ತೊಟ್ಟು ರಾಷ್ಟ್ರಾಧ್ಯಕ್ಷನಾದದ್ದನ್ನು ಅಣ್ಣ ಕಣ್ಣಾರೆ ಕಂಡಿದ್ದನಂತೆ. ಕಂಡದ್ದು ಎಂದರೆ ಏನು? ಟ್ಯಾಂಕರಿನ ಕಿಟಕಿಯಿಂದ, ಅವನ ಕಾರು ಧೂಳೆಬ್ಬಿಸಿ ದಾಟಿಹೋಗುವಾಗ! ಅಷ್ಟು ಸಾಕಾಯಿತು ಇವನಿಗೆ. ರಾಜ್ಯವಾಳುವ ವಿದ್ಯೆಯನ್ನೆಲ್ಲ ಆ ಧೂಳಿನಲ್ಲೇ ಕಲಿತುಬಂದ.

ನಿವೃತ್ತನಾದ ಮೇಲೆ ನನ್ನ ಮನೆಗೇ ಬಂದ. ಮದುವೆಯಾಗಿರಲಿಲ್ಲ. ನನ್ನ ಗಂಡ ಬೇಲಾಪುರದ ಒಂದು ಹೊಟೇಲಿನಲ್ಲಿ ಮ್ಯಾನೇಜರು, ಮನೆಗೆ ಬರುತ್ತಿದ್ದುದು ವಾರಕ್ಕೊಮ್ಮೆ. ಫ್ಲ್ಯಾಟು ನನ್ನ ಹೆಸರಿನಲ್ಲಿತ್ತು. ಅಣ್ಣನನ್ನು ಸಹಸದಸ್ಯನೆಂದು ಸೇರಿಸಿದೆವು. ನಮ್ಮ ಬಿಲ್ಡಿಂಗಿನ ಸೊಸೈಟಿಗೆ ಚೇರ್ಮನ್ ಆಗಲು ಯಾರೂ ಒಪ್ಪದ ವರ್ಷ ಅದು. ಇವನು ಎದ್ದು ನಿಂತ. ಮರುದಿನವೇ ನಮ್ಮ ಬಾಗಿಲಿನ ಮೇಲೆ ‘ಪ್ರೆಸಿಡೆಂಟ್’ ಎಂಬ ಹಲಗೆ!

“ಚೇರ್ಮನ್ ಅಂತ ಬರೆಸಬೇಕಿತ್ತು ಅಣ್ಣ.”

“ಚೇರ್ಮನ್ ಅಂದ್ರೆ ಕುರ್ಚಿಯಲ್ಲಿ ಕೂರುವವ. ನಾನು ಕೂರ್ಲಿಕ್ಕೆ ಬಂದದ್ದಲ್ಲ ಮಾರಾಯ್ತಿ. ಆ ದಂಡನಾಯಕ ಪಟ್ಟಕ್ಕೆ ಬಂದ ಮಾರನೇ ದಿನ ಎಂತ ಮಾಡಿದ ಗೊತ್ತುಂಟಾ? ಸುತ್ತಲಿನ ಮೂರೂ ದೇಶಕ್ಕೆ ಹೋಗಿ ಊಟ ಮಾಡಿ ಬಂದ.”

“ಬರೀ ಊಟವಾ?”

“ಊಟದ ಮೇಲೆ ಒಪ್ಪಂದ. ಹೊಟ್ಟೆ ತುಂಬಿದವ ಜಗಳ ಎಲ್ಲಿ ಮಾಡ್ತಾನೆ?”

ನಮ್ಮ ಗೇಟಿನಾಚೆಯದೆಲ್ಲ ಅವನಿಗೆ ವಿದೇಶ. ಬಲಗಡೆಯ ಬಿಲ್ಡಿಂಗಿನ ಗುಜರಾತಿಗಳ ಜೊತೆ ಮೊದಲ ಒಪ್ಪಂದವಾಯಿತು. ನವರಾತ್ರಿಯಲ್ಲಿ ಅವರ ಗರ್ಬಾದ ಗದ್ದಲವನ್ನು ನಾವು ಸಹಿಸಬೇಕು, ಅವರ ಅಂಗಳದಲ್ಲಿ ನಮ್ಮ ಮಕ್ಕಳ ಕ್ರಿಕೆಟ್ಟನ್ನು ಅವರು ಸಹಿಸಬೇಕು. ಮೊದಲ ಭಾನುವಾರವೇ ಚೆಂಡು ಹೋಗಿ ಅವರ ಅಡುಗೆಮನೆಯ ಗಾಜು ಒಡೆಯಿತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, “ಗಡಿ ಉಲ್ಲಂಘನೆ ನಮ್ಮಿಂದ ಆಗಿದೆ” ಎಂದು ಹಿಂದಿಯಲ್ಲಿ ಭಾಷಣ ಮಾಡಿ, ತಾನೇ ಸ್ಟೂಲು ಹತ್ತಿ ಹೊಸ ಗಾಜು ಕೂರಿಸಿದ. ಅವರು ಡೋಕಳಾ ಕೊಟ್ಟು ಕಳಿಸಿದರು. ಯುದ್ಧ ತಪ್ಪಿತು!

ರಾಯಭಾರಿ ಯಾರೆಂದು ಬೇರೆ ಹೇಳಬೇಕೇ? ನಾನೇ. ನೀರುದೋಸೆ ಹೊಯ್ದು, ಡಬ್ಬಿಗೆ ತುಂಬಿಸಿ ದೇಶದೇಶಕ್ಕೆ ಹೊರುವವಳು. ತಾನೇ ಹಿಟ್ಟು ರುಬ್ಬುವ ರಾಯಭಾರಿ ಬೇರೆ ಯಾವ ದೇಶದಲ್ಲಿದ್ದಾಳೆ ಹೇಳಿ!

ಎಲ್ಲಕ್ಕಿಂತ ದೊಡ್ಡ ಒಪ್ಪಂದ ನಮ್ಮ ಬಿಲ್ಡಿಂಗಿನ ಹಿಂದಿದ್ದ ಚಾಳಿನ, ಅಂದರೆ ಸಾಲುಕೋಣೆಗಳ ವಠಾರದ, ಜೊತೆ ಆದದ್ದು. ಬೇಸಗೆಯಲ್ಲಿ ನಮ್ಮ ನಲ್ಲಿಗಳು ಕೆಮ್ಮಿ ಸುಮ್ಮನಾಗುತ್ತಿದ್ದವು. ಚಾಳಿನಲ್ಲಿ ಬೋರ್‌ವೆಲ್ ಇತ್ತು. ಅವರಿಗೆ ಕಷ್ಟ ದಾರಿಯದು. ನಡುವೆ ನಮ್ಮ ಗೋಡೆ ಇದ್ದುದರಿಂದ ಸ್ಟೇಷನ್ನಿಗೆ ಹೋಗಲು ಇಡೀ ಗಲ್ಲಿ ಸುತ್ತಬೇಕಿತ್ತು. ಅಲ್ಲಿ ಮೀನು ಮಾರುವ ಒಬ್ಬ ಅಜ್ಜಿ ಇದ್ದಳು, ಎಲ್ಲರೂ ಕರೆಯುವುದು ಆಜಿ ಎಂದು. ಬುಟ್ಟಿ ಹೊತ್ತು ಅಷ್ಟು ದೂರ ನಡೆಯುವಾಗ ಅವಳ ಮಂಡಿ ಕೈಕೊಡುತ್ತಿತ್ತು. ಅಣ್ಣ ಆಜಿಯ ಮನೆಯಲ್ಲಿ ಊಟ ಮಾಡಿ ಬಂದ. ವಾರದೊಳಗೆ ನಮ್ಮ ಹಿಂದಿನ ಗೋಡೆಯಲ್ಲಿ ಒಂದು ಬಾಗಿಲಾಯಿತು, ಆ ಬಾಗಿಲಿನ ಪಕ್ಕದಲ್ಲೇ ಅವರ ಬೋರಿನಿಂದ ನಮ್ಮ ಟಾಂಕಿಗೆ ಪೈಪು ಬಂತು. ಅಧ್ಯಕ್ಷನಿಗೆ ಜೈಕಾರ!

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ನಮಗೆ ಹೊಸ ಲೈನು ಸಿಕ್ಕಿ ನಲ್ಲಿಯಲ್ಲಿ ದಿನವೂ ನೀರು ಬರತೊಡಗಿತು. ನೀರು ಬಂದದ್ದೇ ಎಲ್ಲರ ಮೂಗು ಚುರುಕಾಯಿತು. ಅಂಗಳದಲ್ಲಿ ಮೀನಿನ ವಾಸನೆ! ಕಂಡಕಂಡವರು ಓಡಾಡುತ್ತಾರೆ!

“ಅಬ್ ಉನ್ಸೆ ಕ್ಯಾ ಕಾಮ್ ಹೈ? ಇನ್ನು ಅವರಿಂದ ನಮಗೇನಾಗಬೇಕು? ಬಾಗಿಲು ಮುಚ್ಚಿಸಿ” ಎಂದ ಸೊಸೈಟಿಯ ಸೆಕ್ರೆಟರಿ.

ಅಣ್ಣ ಒಪ್ಪಲಿಲ್ಲ. “ಬಾಯಾರಿದಾಗ ಕುಡಿದಾಯ್ತು. ಈಗ ಬೆನ್ನು ತಿರುಗಿಸುವುದಾ? ಆಜಿಯ ಮುಖ ಹೇಗೆ ನೋಡಲಿ ನಾನು?”

ಅವನ ಹಟದ ಬಿಸಿ ತಟ್ಟಿದ್ದು ನನಗೆ. ಸಂಕ್ರಾಂತಿ ಕಳೆದ ಮೇಲೆ ಇಲ್ಲಿ ಮನೆಮನೆಯಲ್ಲಿ ಹಳದಿ-ಕುಂಕೂ ಇರುತ್ತದೆ. ಹೆಂಗಸರು ಒಬ್ಬರನ್ನೊಬ್ಬರು ಕರೆದು ಅರಿಸಿನ ಕುಂಕುಮ ಹಚ್ಚಿ, ಎಳ್ಳುಂಡೆಯ ಜೊತೆ ಒಂದು ಸಣ್ಣ ಪಾತ್ರೆ ಕೊಡುತ್ತಾರೆ. ಆ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ರೇಷ್ಮೆ ಸೀರೆಗಳು ಮೆಟ್ಟಿಲು ಹತ್ತಿಳಿಯುವ ಸದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ಊರು ಬಿಟ್ಟು ಬಂದವಳಿಗೆ ಆ ಮೆಟ್ಟಿಲುಗಳೇ ಊರು. ಅಣ್ಣನ ಮೇಲೆ ಸಿಟ್ಟು ಬಂತು. ಇವನಿಗೆ ಅಷ್ಟೊಂದು ವಿದೇಶಗಳು, ನನಗೆ ಯಾರು?

ವಾರ್ಷಿಕ ಸಭೆ ಗಚ್ಚಿಯ ಮೇಲೆ ನಡೆಯಿತು. ಮೂರನೇ ಮಹಡಿಯ ಮಲಯಾಳಿ ಮಾಸ್ತರು ಚೇರ್ಮನ್ ಪಟ್ಟಕ್ಕೆ ಅಣ್ಣನ ಹೆಸರನ್ನೇ ಮತ್ತೆ ಸೂಚಿಸಿದರು. ಸೂಚಿಸಿದರೆ ಸಾಲದು, ಇನ್ನೊಬ್ಬ ಸದಸ್ಯರು ಕೈ ಎತ್ತಿ ಅನುಮೋದಿಸಬೇಕು.

“ಅನುಮೋದನ್ ಕೋಣಾಚ?” ಯಾರದು ಅನುಮೋದನೆ ಎಂದು ಸೆಕ್ರೆಟರಿ ಮರಾಠಿಯಲ್ಲಿ ಕೇಳಿದ.

ಅರ್ಧ ಜನ ನನ್ನತ್ತ ತಿರುಗಿದರು. ಅವರಿಗೆ ಅಣ್ಣನ ಮೇಲೆ ದ್ವೇಷವಿರಲಿಲ್ಲ. ತಂಗಿ ಎತ್ತಿದರೆ ತಾವೂ ಎತ್ತುವವರೇ. ತಂಗಿಯೇ ಎತ್ತದಿದ್ದರೆ? ಪಕ್ಕದಲ್ಲಿ ಸೆಕ್ರೆಟರಿಯ ಹೆಂಡತಿ ಅವತ್ತೇ ಮೊದಲ ಸಲ ನನಗೆ ಜಾಗ ಬಿಟ್ಟು ಕೂರಿಸಿಕೊಂಡಿದ್ದಳು. ನಾನು ಸೆರಗಿನ ಅಂಚಿನ ದಾರ ಬಿಡಿಸುತ್ತಾ ಕೂತೆ. ಅಣ್ಣ ನನ್ನ ಕಡೆ ನೋಡಲೇ ಇಲ್ಲ. ದೂರದಲ್ಲಿ ಕಲ್ಯಾಣದ ಕಡೆ ಹೋಗುವ ಲೋಕಲ್ಲನ್ನು ನೋಡುತ್ತಿದ್ದ.

ಸೆಕ್ರೆಟರಿಯೇ ಅಧ್ಯಕ್ಷನಾದ.

ಸಂಜೆ ಮನೆ ತುಂಬ ವಿದೇಶಿಯರು. ಗುಜರಾತಿಗಳು ಬಂದರು, ಚಾಳಿನವರು ಬಂದರು. ಆಜಿ ನೆಲದ ಮೇಲೆ ಕೂತು, “ಅಷ್ಟು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲವಾ ಸಾಹೇಬ?” ಎಂದು ಮರಾಠಿಯಲ್ಲಿ ಕೇಳಿದಳು. ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಎತ್ತಿದಳಲ್ಲ, ನನ್ನ ತಂಗಿ” ಎಂದ ಅಣ್ಣ. “ಹಿಂದೆ ಕೂತಿದ್ದಳು. ಅವರ ಕಣ್ಣಿಗೆ ಬೀಳಲಿಲ್ಲ.”

ಆಜಿ ಎದ್ದು ಬಂದು ನನ್ನ ಕೆನ್ನೆ ಸವರಿದಳು. ನಾನು ಅವಳ ಕೈಗೆ ಚಹಾ ಕೊಟ್ಟು ಒಳಗೆ ಹೋದೆ.

ಹಿಂದಿನ ಗೋಡೆಯಲ್ಲಿ ಬಾಗಿಲಿದ್ದಲ್ಲಿ ಇಟ್ಟಿಗೆ ಬಂತು. ಅಣ್ಣ ಸ್ಟೇಷನ್ನಿಗೆ ಹೋಗುವಾಗ ತಾನೂ ಚಾಳಿನವರ ಹಾಗೆ ಗಲ್ಲಿ ಸುತ್ತಿಕೊಂಡೇ ಹೋಗತೊಡಗಿದ. ನಮ್ಮ ಗೇಟಿನಿಂದ ಎರಡು ಹೆಜ್ಜೆಯ ದಾರಿ, ಇವನಿಗೇಕೆ ಸುತ್ತು? ಜನ ನಕ್ಕರು. ನನಗೆ ನಗು ಬರಲಿಲ್ಲ. ಆಫ್ರಿಕಾದ ಕತೆಗಳೂ ನಿಂತವು. ನಾನಾಗಿ ಕೇಳಿದರೂ, “ಮರೆತುಹೋಯ್ತು ಮಾರಾಯ್ತಿ” ಎನ್ನುತ್ತಿದ್ದ. ಮುಂದಿನ ಸಂಕ್ರಾಂತಿಗೆ ನನ್ನನ್ನು ಎಲ್ಲ ಮನೆಗೂ ಕರೆದರು. ಸೆಕ್ರೆಟರಿಯ ಹೆಂಡತಿ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಇವತ್ತಿಗೂ ನಾನು ಏನನ್ನೂ ಹಾಕಿಟ್ಟಿಲ್ಲ.

ಆ ವರ್ಷವೇ ಅಣ್ಣನಿಗೆ ನೆರೂಳಿನ ಒಂದು ಕಾಲೇಜಿನಲ್ಲಿ ವಾಚ್‌ಮನ್‌ಗಳ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಉಳಿಯಲು ಅಲ್ಲೇ ಒಂದು ಕೋಣೆ. ಹೊರಡುವ ದಿನ ಟೆಂಪೋಗೆ ಸಾಮಾನು ಹೊತ್ತವರು ಚಾಳಿನವರು. ನಮ್ಮ ಹದಿನಾರು ಮನೆಯವರು ಬಾಲ್ಕನಿಗಳಲ್ಲಿ ನಿಂತು ನೋಡಿದರು. ಕೋಲೂರಿಕೊಂಡು ಬಂದ ಆಜಿ ತಲೆಯೆತ್ತಿ, ಅವರಿಗೆಲ್ಲ ಕೇಳುವ ಹಾಗೆ ನನ್ನ ಕೈ ಹಿಡಿದು ಹೇಳಿದಳು:

“ಈ ಬಿಲ್ಡಿಂಗಿನಲ್ಲಿ ಮನುಷ್ಯತ್ವ ಇರುವವಳು ಅಂದ್ರೆ ಇವಳೊಬ್ಬಳೇ. ಹೀನೇ ಹಾತ್ ವರ್ ಕೇಲಾ ಹೋತಾ. ಈ ಕೈ ಎತ್ತಿದ್ದಳು.”

“ಹೌದು ಆಜಿ, ಹೊತ್ತಾಯ್ತು, ಹೊರಡುವಾ” ಎಂದು ಅಣ್ಣ ಅವಸರದಿಂದ ಟೆಂಪೋ ಹತ್ತಹೋದ. ಆ ಸುಳ್ಳನ್ನು ನೆರೂಳಿನವರೆಗೂ ಹೊತ್ತುಕೊಂಡು ಹೋಗುವವನು ಅವನು. ನಾನು ಆಜಿಯ ಹಿಡಿತದಿಂದ ಕೈ ಬಿಡಿಸಿಕೊಂಡು, ಅವನ ಅಂಗಿಯ ತುದಿ ಹಿಡಿದು ನಿಲ್ಲಿಸಿದೆ. ಆಜಿಗೆ ತಿಳಿಯಲೆಂದು ಮೊದಲು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಆಮೇಲೆ ಅವನ ಮುಖ ನೋಡಿ, ಬಾಲ್ಕನಿಯವರೆಗೂ ಕೇಳುವಷ್ಟು ಗಟ್ಟಿಯಾಗಿ:

“ನಾನು ಕೈ ಎತ್ತಲಿಲ್ಲ ಅಣ್ಣ. ಹಳದಿ-ಕುಂಕೂಗೆ ಕರೀಲಿ ಅಂತ ಸುಮ್ನೆ ಕೂತೆ. ನನ್ನದು ತಪ್ಪಾಯ್ತು.”