ಕಸ ಪಾಸು, ಕಸ ನಾಪಾಸು

ನಿಮ್ಮ ಮನಿ ಕಸ ಯಾವಾಗರೆ ಪರೀಕ್ಷಾಕ್ಕ ಕೂತು ನಾಪಾಸ್ ಆಗ್ಯಾದೇನ್ರಿ? ನಗಬ್ಯಾಡ್ರಿ. ಹುಮನಾಬಾದದಾಗ ನಮ್ಮ ಓಣ್ಯಾಗ ಆಗ್ಯಾದ, ನಂಬರ್ ಹಾಕಿದಾಕಿ ನಾನೇ. ಈಗ ಒಂದ ಬೆರಳಿಲೆ ಫೋನಿನ್ಯಾಗ ಕುಟ್ಟಾಕತ್ತೇನಿ; ಆವಾಗ ಓಣಿಗೆಲ್ಲಾ ಕೂಡಿ ಒಂದ ಫೋನ್ ಇತ್ತು, ಅದಕ್ಕೂ ಬೀಗ.

ಮುನಶಿಪಾಲ್ಟಿಯಿಂದ ಒಬ್ಬ ಸಾಹೇಬ್ರು ಬಂದು ಹೆಣ್ಮಕ್ಕಳನ್ನ ಕೂಡ್ಸಿ, ‘ಒಂದು ಕುಣಿ ತೋಡ್ರಿ, ಹಸಿ ಕಸ ಅದರಾಗ ಹಾಕ್ರಿ, ಛಲೋ ಗೊಬ್ಬರ ಆಗ್ತದ. ಏನ್ ಹಾಕ್ಬೇಕು, ಏನ್ ಬಿಡ್ಬೇಕು ನೀವೇ ಫೈಸ್ಲಾ ಮಾಡ್ಕೋರಿ’ ಅಂದ್ರು. ಜಗಾ ಇದ್ದದ್ದು ನಮ್ಮ ಹಿತ್ತಲದಾಗ, ಕುಣಿ ಅಲ್ಲೇ ಆಯ್ತು, ಓಣಿಯವರೆಲ್ಲಾ ಬಕೀಟಿನ್ಯಾಗ ಕಸ ತರಾಕತ್ತಿದ್ರು. ಜಗಾ ನಂದಂದ ಮ್ಯಾಲ ಫೈಸ್ಲಾನೂ ನಂದೇ ಅಂತ ತಿಳ್ಕೊಂಡೆ. ನನ್ನ ಬದನಿಗಿಡಕ್ಕ ಗೊಬ್ಬರ ಬೇಕಾಗಿತ್ತು, ಅದೂ ಖರೆ.

ತವರಮನಿ ಬಸವಕಲ್ಯಾಣದಾಗ ಇಂಥ ತಾಪತ್ರಯ ಇದ್ದಿಲ್ಲ. ತಿಪ್ಪಿಗಿ ಏನ್ ಹಾಕಿದ್ರೂ ಸುಮ್ನ ನುಂಗ್ತಿತ್ತು. ದೀಪಾವಳಿಗಿ ಅದರ ಮ್ಯಾಲ ಒಂದು ದೀಪ ಇಟ್ಟು ಕೈ ಮುಗಿದ್ರ ಆಯ್ತು. ಇಲ್ಲಿ ಹಂಗಲ್ಲ. ಉಳ್ಳಾಗಡ್ಡಿ ಸಿಪ್ಪಿ, ಮೆಂತ್ಯಾದ ದಂಟು ಪಾಸ್. ಪೂಜಾದ ಪತ್ರಿ ಉಳ್ಳಾಗಡ್ಡಿ ಜೋಡಿ ಬೀಳಬಾರದಂತ ಜಗಳ ಬಂತು, ಅದಕ್ಕ ಬ್ಯಾರೆ ಮೂಲಿ ಕೊಟ್ಟೆ. ಎದರಮನಿ ಕಾಶೀಬಾಯಿ ದೃಷ್ಟಿ ತೆಗೆದ ಲಿಂಬಿಹಣ್ಣು ದಂಟಿನ ಕೆಳಗ ಮುಚ್ಚಿ ತಂದ್ಳು. ‘ಯಾರ ದೃಷ್ಟಿ ಇದು?’ ಅಂದೆ. ‘ನಮ್ಮತ್ತೀದು’ ಅಂದ್ಳು. ಆಕಿ ಅತ್ತಿ ದೃಷ್ಟಿ ನನ್ನ ಬದನಿಕಾಯಿಗಿ ಯಾಕ, ನಾಪಾಸ್. ರೊಟ್ಟಿ, ಅನ್ನ ಕಸ ಅಲ್ಲಂತ ಎಲ್ಲಾರೂ ಕೂಡೇ ಬ್ಯಾಡ ಅಂದ್ರು. ಅಸಲಿ ಮಾತಂದ್ರ, ಯಾರ ಸೊಸಿ ರೊಟ್ಟಿ ಕರ್ರಗ ಸುಡ್ತಾಳ ಅಂತ ಬಕೀಟ್ ಹೇಳಿಬಿಡ್ತದ. ಆ ವರ್ಷ ಓಣಿ ನಾಯಿಗಳು ಮೈ ತುಂಬಿಕೊಂಡ್ವು.

ಬಾಜೂ ಮನಿ ಜುಲೇಖಾ ಆಪಾ ಆಡು ಸಾಕಿದ್ರು. ದಿನಾ ಒಂದು ಬುಟ್ಟಿ ಹಿಕ್ಕಿ ತಂದು ಕುಣಿಗಿ ಹಾಕೋರು, ಗ್ವಾಡಿ ಮ್ಯಾಲಿಂದ ನನ್ನ ಜೋಡಿ ಊರ ಮಾತೆಲ್ಲಾ ಆಡೋರು. ಒಂದಿನ ಅವರ ಬಕೀಟಿನ್ಯಾಗ ಪಾಲಕ್ ಬೇರಿನ ಕೆಳಗ ಎಲುಬು ಕಂಡ್ವು. ‘ಆಪಾ, ಹಿಕ್ಕಿ ನಡೀತದ್ರಿ, ಎಲುಬು ನಮ್ಮ ಮನ್ಯಾಗ ನಡೆಂಗಿಲ್ಲ’ ಅಂದೆ. ಆಪಾ ಬಕೀಟ್ ಎತ್ಕೊಂಡು ಹೋದ್ರು. ಮರುದಿನದಿಂದ ಹಿಕ್ಕಿ ಬಂದ್, ಮಾತೂ ಬಂದ್.

ಹಿಕ್ಕಿ ಇಲ್ದ ಕುಣಿ ಕಾವು ಕಳ್ಕೊಂಡು ನಾರಾಕತ್ತಿತು. ಸಾಹೇಬ್ರು ಬಂದು ಕೋಲಿಲೆ ತಿವಿದು, ಮೂಗ ಹಿಡ್ಕೊಂಡು, ‘ಇದು ಗೊಬ್ಬರ ಅಲ್ರಿ ಅವ್ವಾರ, ಹಳಸಿದ ಸಾರು’ ಅಂದ್ರು. ನಾತ ಹ್ಯಾಂಗರೆ ತಡಕೊಂಡೇನು. ಆ ಸುಮ್ಮನಿರೋ ಗ್ವಾಡಿ ತಡಕೊಳ್ಳಾಕ ಆಗ್ಲಿಲ್ಲ. ಊರಾಗ ಯಾರ ಮನ್ಯಾಗ ಏನಾಗ್ಯಾದ ಅನ್ನೋದೇ ನನಗ ಗೊತ್ತಾಗದಂಗ ಆಯ್ತು.

ಕಡೀಕ ರೊಟ್ಟಿಗಿ ಹಚ್ಕೊಳ್ಳೋ ಶೇಂಗಾ ಹಿಂಡಿ ಕುಟ್ಟಿ, ಲಗ್ನದಾಗ ನನ್ನ ಹೆಸರು ಹೊಡಿಸಿ ಕೊಟ್ಟ ಸ್ಟೀಲ್ ಡಬ್ಬಿಗಿ ತುಂಬಿ ಆಪಾನ ಮನಿಗಿ ಹೋದೆ. ಚಹಾ ಕುಡಿದ್ವು, ಮಳಿ ಮಾತಾಡಿದ್ವು. ಎಲುಬಿನ ಮಾತು ನಾನೂ ತೆಗೀಲಿಲ್ಲ, ಅವರೂ ತೆಗೀಲಿಲ್ಲ.

ಸಂಜಿಗಿ ನನ್ನ ಡಬ್ಬಿ ಗ್ವಾಡಿ ಮ್ಯಾಲ ಬಂದು ಕೂತಿತ್ತು. ಎತ್ತಿದ್ರ ಭಾರ. ಸೇವಿಗಿ ಪಾಯ್ಸ ಇರಬೇಕಂತ ಬಾಯಾಗ ನೀರು ಬಂತು. ಮುಚ್ಚಳ ತೆಗೆದ್ರ ಕಂಠಮಟ ಹಿಕ್ಕಿ.

‘ಆಪಾ, ಇದೇನ್ರಿ ಇದು?’ ಅಂತ ಗ್ವಾಡಿ ಮ್ಯಾಲಿಂದ ಕೇಳಿದೆ.

ಆಪಾ ಆಡಿಗಿ ಸೊಪ್ಪು ಹಾಕ್ಕೋತ ಅಂದ್ರು: ‘ಖಾಲಿ ಡಬ್ಬಿ ಹ್ಯಾಂಗ ತಿರುಗಿ ಕೊಡ್ಲಿ ಬಾಯಿ? ಆಡು ಜೀವಂತ ಇದ್ದಾಗಷ್ಟೇ ನಿಮ್ಮ ಮನ್ಯಾಗ ನಡೀತದಂದ್ರಲ್ಲ, ಅದಕ್ಕ ಅದು ಇವತ್ತ ಕೊಟ್ಟದ್ದೇ ತುಂಬೀನಿ.’